ಮಂಗಳವಾರದ ಒಗೆತ

ಆ ಊರಿನಲ್ಲಿ ಒಂದು ಒಗೆತದ ಮನೆ ಇತ್ತು. ಯಾರೊಬ್ಬರದ್ದೂ ಅಲ್ಲ, ಊರಿಗೇ ಸೇರಿದ್ದು. ಉದ್ದನೆಯ ಕಟ್ಟಡ, ಎತ್ತರದ ಕಿಟಕಿಗಳು. ಒಳಗೆ ಕಾಲಿಟ್ಟರೆ ಸಾಕು, ಬೆಚ್ಚನೆಯ ಹಬೆ ಬಂದು ಕೆನ್ನೆ ಸವರುತ್ತಿತ್ತು. ಈಗ ಮನೆಮನೆಗೂ ಯಂತ್ರ ಬಂದಿದೆಯಲ್ಲ, ಇದೆಲ್ಲ ಯಾಕೆ ಎನ್ನಬೇಡಿ. ಒಂದೇ ಕೋಣೆಯಲ್ಲಿ ಐದು ಜನ ಮಲಗುವವರು ಯಂತ್ರವನ್ನು ಎಲ್ಲಿಡಬೇಕು? ಅಷ್ಟುದ್ದದ ಒದ್ದೆ ಚಾದರವನ್ನು ಎಲ್ಲಿ ಹರವಬೇಕು? ನೀವೇ ಹೇಳಿ.

ಹಾಗಾಗಿ ಊರಿನ ಹಾಸಿಗೆಗಳ ಚಾದರಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಆಸ್ಪತ್ರೆಯವು, ಹೋಟೆಲಿನವು, ಸಣ್ಣ ಸಣ್ಣ ಮನೆಗಳವು. ಎಲ್ಲವೂ ಬಿಳಿ. ಯಾರದ್ದು ಯಾವುದು ಎಂದು ತಿಳಿಯುವುದಕ್ಕೆ ಪ್ರತಿ ಚಾದರದ ಮೂಲೆಯಲ್ಲಿ ಬಣ್ಣದ ದಾರದ ಒಂದು ಗುರುತು. ಒಂದು ಮನೆಗೆ ಮೀನು, ಒಂದಕ್ಕೆ ಬೀಗದಕೈ, ಇನ್ನೊಂದಕ್ಕೆ ಮೂರು ಚುಕ್ಕಿ. ಹೊಲಿಯುವವಳು ಕಿಟಕಿಯ ಪಕ್ಕ ಕೂತಿರುತ್ತಿದ್ದ ಒಬ್ಬ ಮುದುಕಿ. ಅವಳನ್ನು ಎಲ್ಲರೂ ಗುರುತಿನಜ್ಜಿ ಎನ್ನುತ್ತಿದ್ದರು. ಊರಿನ ಅಷ್ಟೂ ಗುರುತು ಅವಳ ತಲೆಯಲ್ಲಿತ್ತು.

ಇನ್ನೊಂದು ಪದ್ಧತಿ ಇತ್ತು, ಮಂಗಳವಾರದ ಒಗೆತ. ಹಾಸಿಗೆ ಹಿಡಿದವರಿರುವ ಮನೆಗಳ ಚಾದರಗಳನ್ನು ಅಂದು ಬೇರೆಯಾಗಿ, ಪುಕ್ಕಟೆಯಾಗಿ ಒಗೆದುಕೊಡುತ್ತಿದ್ದರು. ಗಂಜಿ ಹಾಕುವಂತಿಲ್ಲ, ಒಂದು ನೆರಿಗೆ ಉಳಿಯುವಂತಿಲ್ಲ. ಮಲಗಿದಲ್ಲೇ ಮಲಗಿರುವವರ ಬೆನ್ನಿಗೆ ಚಾದರದ ಒಂದು ನೆರಿಗೆ ಸಾಕು, ಚರ್ಮ ಕಿತ್ತುಬರಲು. ಇದನ್ನು ಯಾವಾಗ, ಯಾರು ಶುರುಮಾಡಿದರೋ ಯಾರಿಗೂ ನೆನಪಿಲ್ಲ.

ಇಸ್ತ್ರಿಯಕ್ಕ ಅಲ್ಲಿ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಹಿರಿಯಳು. ದೊಡ್ಡ ಉರುಳಿನ ಇಸ್ತ್ರಿ ಯಂತ್ರದ ಮುಂದೆ ನಿಂತರೆ ಅದು ಅವಳ ಮಾತು ಕೇಳುತ್ತಿತ್ತು. ಅವಳ ಗಂಡ ಅಲ್ಲೇ ಬಾಯ್ಲರ್ ನೋಡಿಕೊಳ್ಳುವವನು. ‘ಹಗಲೆಲ್ಲ ಬೆಂಕಿ ಮುಂದೆ ಇರ್ತಾನೆ, ಮನೆಗೆ ಬಂದ್ರೆ ತಣ್ಣೀರಿನ ಹಾಗೆ’ ಎಂದು ಅವಳು ತಮಾಷೆ ಮಾಡುವುದಿತ್ತು. ಮಾತು ಕಡಿಮೆಯ ಆಸಾಮಿ.

ಮನೆಯಲ್ಲಿ ಮಾವ. ನದಿ ದಾಟಿಸುವ ದೋಣಿಯಲ್ಲಿ ಹುಟ್ಟು ಹಾಕಿ ಬದುಕಿದ ಮನುಷ್ಯ, ಮೂರು ವರ್ಷದಿಂದ ಹಾಸಿಗೆಯಲ್ಲಿ. ಅವನ ಚಾದರದ ಗುರುತು ಒಂದು ಪುಟ್ಟ ನೀಲಿ ದೋಣಿ. ನಲವತ್ತು ವರ್ಷದ ಹಳೆಯ ಬಟ್ಟೆ, ಒಗೆದು ಒಗೆದು ಹಾಲಿನ ಕೆನೆಯ ಹಾಗಾಗಿತ್ತು. ಬೆಳಿಗ್ಗೆ ಇಸ್ತ್ರಿಯಕ್ಕ ಅವನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸುವಾಗ ಅವನು ರಾತ್ರಿ ಕಂಡ ಕನಸು ಹೇಳುತ್ತಿದ್ದ. ಕನಸು ಯಾವಾಗಲೂ ಒಂದೇ. ನದಿ, ಮಂಜು, ದೋಣಿ. ‘ನಿನ್ನೆ ನಡು ಹೊಳೆವರೆಗೂ ಹೋದೆ ಕಣಮ್ಮ. ನೀರು ಎಷ್ಟು ಸುಮ್ಮನಿತ್ತು ಗೊತ್ತಾ, ಹುಟ್ಟು ಹಾಕಿದ್ದೂ ಕೇಳಿಸ್ತಿರಲಿಲ್ಲ.’ ಅದನ್ನು ಕೇಳಿದರೆ ಅವಳಿಗೂ ದಿನವೆಲ್ಲ ಮೈ ಹಗುರ.

ಸುಳ್ಳು ಯಾಕೆ ಹೇಳಲಿ, ಒಗೆತದ ಮನೆಯಲ್ಲಿ ಎಲ್ಲವೂ ನೆಟ್ಟಗಿರಲಿಲ್ಲ. ಕೊಳಾಯಿ ಸೋರುತ್ತಿತ್ತು. ಇವತ್ತು ಕೊಡುತ್ತೇವೆಂದ ಬಟ್ಟೆ ನಾಡಿದ್ದು ಸಿಗುತ್ತಿತ್ತು. ಪುರಸಭೆಯ ಅಧಿಕಾರಿ ವರ್ಷಕ್ಕೆ ಎರಡು ಸಲ ಮುಖ ತೋರಿಸಿ, ಮೂಗಿಗೆ ಕರವಸ್ತ್ರ ಹಿಡಿದು ಹೋಗುತ್ತಿದ್ದ. ಕೊನೆಗೆ ಪುರಸಭೆಯವರು, ‘ಇದು ನಷ್ಟದ ಬಾಬತ್ತು, ಮಾರಿಬಿಡೋಣ, ಕೊಳ್ಳುವವರು ಮೂರು ತಿಂಗಳು ನಡೆಸಿ ನೋಡಲಿ’ ಎಂದು ಒಬ್ಬ ಸಾಹೇಬನನ್ನು ಕರೆತಂದರು. ಹಬೆಯಲ್ಲೂ ಕತ್ತಿನ ಟೈ ಸಡಿಲಿಸದ ಆ ಮನುಷ್ಯನಿಗೆ ಟೈ ಸಾಹೇಬ ಎಂದೇ ಹೆಸರಾಯಿತು.

ಮೊದಲಿಗೆ ಎಲ್ಲರಿಗೂ ಖುಷಿ. ಗೋಡೆಗೆ ಸುಣ್ಣ ಬಿತ್ತು, ಕೊಳಾಯಿ ಸೋರುವುದು ನಿಂತಿತು. ‘ನೋಡ್ರೇ, ದುಡ್ಡು ಹಾಕೋನು ಬಂದ್ರೆ ಕೆಲಸ ಹೇಗಾಗುತ್ತೆ!’ ಎಂದವಳು ಇಸ್ತ್ರಿಯಕ್ಕನೇ. ಆಮೇಲೆ ಸಾಹೇಬ ಗುರುತಿನಜ್ಜಿಯ ಮುಂದೆ ನಿಂತು ಗಡಿಯಾರ ನೋಡಿದ. ದಾರದ ಗುರುತಿಗೆ ಬಹಳ ಹೊತ್ತು ಹಿಡಿಯುತ್ತದೆ, ಇನ್ನು ಮೇಲೆ ಅಂಟಿಸುವ ನಂಬರ್ ಚೀಟಿ ಎಂದ. ಹಳೆಯ ಗುರುತುಗಳನ್ನೆಲ್ಲ ಬಿಚ್ಚಿಸಿದ. ಅಜ್ಜಿ ತನ್ನ ದಾರದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದಳು. ಮರುವಾರ ಮಂಗಳವಾರದ ಒಗೆತವೂ ನಿಂತಿತು. ‘ಯಾರು ಹಣ ಕೊಡ್ತಾರೋ ಅವರದ್ದು ಮೊದಲು. ಮಾರ್ಕೆಟ್ ಅಂದ್ರೆ ಅಷ್ಟೇ, ಬಹಳ ಸರಳ’ ಎಂದು ಸಾಹೇಬ ನಕ್ಕ. ಕೆಟ್ಟ ಮನುಷ್ಯನೇನಲ್ಲ. ಎಲ್ಲರಿಗೂ ನಮಸ್ಕಾರ ಹೇಳಿಯೇ ಒಳಗೆ ಬರುತ್ತಿದ್ದ. ಇಸ್ತ್ರಿಯಕ್ಕ ಮಾವನ ಚಾದರವನ್ನು ಉಳಿದವುಗಳ ಜೊತೆಗೇ ದುಡ್ಡು ಕೊಟ್ಟು ಹಾಕಿದಳು.

ಹಬೆಯಲ್ಲಿ ಅಂಟು ನಿಲ್ಲುತ್ತದೆಯೇ? ಅಲ್ಲಿ ಕೆಲಸ ಮಾಡುವ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ. ಒಂದು ಮಧ್ಯಾಹ್ನ ಇಸ್ತ್ರಿಯಕ್ಕ ಜಾಲಿಸುವ ತೊಟ್ಟಿಯ ಹತ್ತಿರ ಹೋದರೆ ನೀರಿನ ಮೇಲೆ ನಂಬರ್ ಚೀಟಿಗಳು ತೇಲುತ್ತಿದ್ದವು, ನೂರಾರು, ಮೆಲ್ಲಗೆ ಸುತ್ತುತ್ತ. ನೋಡುವುದಕ್ಕೆ ಚೆಂದವೇ ಇತ್ತು. ಆಮೇಲೆ ಅವಳಿಗೆ ಕೂಲಿಯ ಮಾತು ನೆನಪಾಯಿತು. ನಂಬರಿಲ್ಲದ ಚಾದರ ಸಿಕ್ಕರೆ ಆ ದಿನದ ಕೂಲಿ ಇಲ್ಲ ಎಂದು ಸಾಹೇಬ ಮೊನ್ನೆಯಷ್ಟೇ ಹೇಳಿದ್ದ.

‘ಈಗೇನೇ ಅಕ್ಕ ಮಾಡೋದು?’ ಎಂದಳು ಪಕ್ಕದವಳು.

‘ಏನೂ ಆಗಿಲ್ಲ, ಬಾಯಿ ಮುಚ್ಕೊಂಡಿರು’ ಎಂದಳು ಇಸ್ತ್ರಿಯಕ್ಕ. ಚೀಟಿಗಳನ್ನು ಬಾಚಿಕೊಂಡು, ಒಣಗಿಸಿ, ಗೋಂದು ಹಚ್ಚಿ, ಕೈಗೆ ಸಿಕ್ಕಿದ್ದಕ್ಕೆ ಸಿಕ್ಕಿದ ನಂಬರ್ ಅಂಟಿಸಿದಳು. ಎಲ್ಲವೂ ಬಿಳಿ ತಾನೇ, ಯಾರಿಗೆ ಗೊತ್ತಾಗುತ್ತೆ ಅಂದುಕೊಂಡಳು.

ಊರಿಗೇ ಗೊತ್ತಾಯಿತು, ನೋಡಿ. ಆ ವಾರ ಊರಿಗೆ ಊರೇ ಬೇರೆಯವರ ಕನಸು ಕಂಡಿತು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ದರ್ಜಿ ಬೆಳಿಗ್ಗೆ ಎದ್ದು, ‘ರಾತ್ರಿಯೆಲ್ಲ ಕಪ್ಪು ಹಲಗೆ ಮುಂದೆ ನಿಂತು ಗಂಟಲು ಹರ್ಕೊಂಡೆ, ಒಂದು ಮಗುವೂ ಕೇಳಲಿಲ್ಲ’ ಎಂದ. ಶಾಲೆಯ ಟೀಚರಮ್ಮ ರಾತ್ರಿಯಿಡೀ ಮುಗಿಯದ ಒಂದು ತೋಳಿನ ಅಳತೆ ತೆಗೆದಳಂತೆ. ಜನ ಬೀದಿಯಲ್ಲಿ ನಿಂತು ಕನಸುಗಳನ್ನು ಹೇಳಿಕೊಂಡರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲವರಿಗೆ ನಾಚಿಕೆಯೂ ಆಯಿತು. ಅವೇ ಮನೆಗಳು, ಅವೇ ಕಿಟಕಿಗಳು, ಆದರೆ ಯಾರೋ ಎಲ್ಲವನ್ನೂ ಒಂದು ಗೇಣು ಪಕ್ಕಕ್ಕೆ ಸರಿಸಿದಂತೆ ಇತ್ತು.

‘ಅಮ್ಮಾ, ಇದು ನನ್ನ ಕನಸಲ್ಲ ಕಣೆ’ ಎಂದ ಮಾವ. ‘ನದಿ ಇಲ್ಲ. ಉದ್ದಕ್ಕೂ ಬಾಗಿಲು, ಬಾಗಿಲ ಮೇಲೆ ನಂಬರು. ಯಾವ ಬಾಗಿಲೂ ತೆಗೀಲಿಲ್ಲ.’

ಇಸ್ತ್ರಿಯಕ್ಕ ನಕ್ಕಳು. ಹೋಟೆಲಿನ ಚಾದರ ಬಂದಿದೆ ಎಂದು ಕೈಗೆ ತಾಕಿದ ಕೂಡಲೇ ಅವಳಿಗೆ ತಿಳಿದಿತ್ತು. ಗಂಜಿ ಹಾಕಿದ ಬಿರುಸು ಬಟ್ಟೆ, ನಡುವೆ ದಪ್ಪ ಹೊಲಿಗೆ. ಎರಡು ದಿನ ತಾನೇ ಎಂದು ಸುಮ್ಮನಿದ್ದಳು. ಇದ್ದ ಇನ್ನೊಂದು ಚಾದರವೂ ಒಗೆತಕ್ಕೆ ಹೋಗಿತ್ತು. ಮೂರನೆಯ ಬೆಳಿಗ್ಗೆ ಮಾವನನ್ನು ಹೊರಳಿಸಿದಾಗ ಅವಳ ನಗು ಅಲ್ಲೇ ನಿಂತಿತು. ಆ ಹೊಲಿಗೆಯ ಉದ್ದಕ್ಕೂ ಅವನ ಬೆನ್ನು ಕೆಂಪಾಗಿ, ಒಂದು ಕಡೆ ಚರ್ಮ ಬಿಟ್ಟಿತ್ತು. ಮೂರು ವರ್ಷದಲ್ಲಿ ಒಂದು ಗೀರೂ ಬೀಳದ ಹಾಗೆ ನೋಡಿಕೊಂಡಿದ್ದ ಬೆನ್ನು. ಅವಳಿಗೆ ಅಳು ಬಂತು. ಆ ಚಾದರ ತೆಗೆದು ತನ್ನ ಹಳೆಯ ಸೀರೆ ಹಾಸುತ್ತ ಅತ್ತಳು.

‘ಯಾಕಮ್ಮ?’ ಎಂದ ಮಾವ.

‘ಏನಿಲ್ಲ, ಹಬೆ ಕಣ್ಣಿಗೆ ಹೋಯ್ತು’ ಎಂದಳು. ಮನೆಯಲ್ಲಿ ಎಲ್ಲಿಯ ಹಬೆ!

ಅದೇ ದಿನ ಸಾಹೇಬ ಎಲ್ಲ ಕೆಲಸಗಾರರಿಗೂ ಒಂದೊಂದು ಕಾಗದ ಹಂಚಿದ. ‘ಮಾರಾಟಕ್ಕೆ ನಮ್ಮ ಒಪ್ಪಿಗೆ ಇದೆ’ ಎಂದು ಬರೆದು ಸಹಿಗೆ ಜಾಗ ಬಿಟ್ಟಿತ್ತು. ಸಹಿ ಹಾಕಿದವರಿಗೆ ಕೈಗೆ ಒಂದಿಷ್ಟು ಇಡಿಗಂಟು. ಮುಂದಿನ ವಾರದ ಶುಕ್ರವಾರ ಪುರಸಭೆಯ ಸಭೆ. ಅಲ್ಲಿಗೆ ಮೂರು ತಿಂಗಳು ಮುಗಿಯುತ್ತದೆ. ಮೂವತ್ತೆರಡು ಜನ ಕೆಲಸಗಾರರೂ ಇಸ್ತ್ರಿಯಕ್ಕನ ಮುಖ ನೋಡಿದರು. ಅವಳು ಹಾಕಿದರೆ ಎಲ್ಲರೂ ಹಾಕುವವರೇ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಭಾನುವಾರ ನಾದಿನಿ ಬಂದಳು. ಗಂಡನ ತಂಗಿ, ಪಕ್ಕದ ಊರಿನ ಬೇಕರಿಯಲ್ಲಿ ವ್ಯಾನ್ ಓಡಿಸುವವಳು. ಆ ಬೇಕರಿಯನ್ನು ಅಲ್ಲಿ ಕೆಲಸ ಮಾಡುವವರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸುತ್ತಿದ್ದರು. ಬಂದವಳೇ ಅಪ್ಪನ ಬೆನ್ನು ನೋಡಿ ತುಟಿ ಕಚ್ಚಿಕೊಂಡಳು. ಆಮೇಲೆ ಅತ್ತಿಗೆಯ ಸೊಂಟದ ಕಾಗದವನ್ನು ಎಳೆದು ಓದಿದಳು.

‘ಸಹಿ ಹಾಕ್ತೀಯಾ ಅತ್ತಿಗೆ?’

‘ಹಾಕದೆ ಏನು ಮಾಡ್ಲಿ? ಪುರಸಭೆಯವರ ಕೈಲಿ ಆಗಲಿಲ್ಲ. ಮಾರ್ಕೆಟ್ಟಿಗೆ ಬಿಟ್ರೆ ಎಲ್ಲಾ ತಾನಾಗೇ ಸರಿಹೋಗುತ್ತೆ ಅಂತಾರೆ ಸಾಹೇಬ್ರು. ಓದಿದೋರು.’

‘ತರಕಾರಿ ಕೊಳ್ಳೋಕೆ ಮಾರ್ಕೆಟ್ ಸರಿ ಅತ್ತಿಗೆ, ನಾನೇನು ಬೇಡ ಅನ್ನಲ್ಲ. ಆದ್ರೆ ಅದಕ್ಕೆ ದುಡ್ಡಿನ ದನಿ ಮಾತ್ರ ಕೇಳಿಸುತ್ತೆ. ಹೋಟೆಲಿನವರು ಕೂಗಿದ್ರೆ ಕೇಳಿಸುತ್ತೆ. ಅಪ್ಪನ ಬೆನ್ನು ಕೂಗಿದ್ರೆ ಕೇಳಿಸ್ತಾ?’

ಬಾಗಿಲಲ್ಲಿ ಕೂತಿದ್ದ ಗಂಡ ಅಪರೂಪಕ್ಕೆ ಬಾಯಿ ಬಿಟ್ಟ. ‘ಹಂಗಾದ್ರೆ ಪುರಸಭೇನೇ ಇಟ್ಕೊಳ್ಳಲಿ ಅಂತೀಯಾ? ಅವರ ಹಣೆಬರಹ ನೋಡಿದೀವಲ್ಲ.’

‘ಅದೂ ಬೇಡ ಅಣ್ಣ. ಮಾರೋದು, ಇಲ್ಲಾ ಹಾಳುಬಿಡೋದು, ಎರಡೇ ದಾರಿ ಅಂತ ಯಾರು ಹೇಳಿದ್ರು? ಕಟ್ಟಡ ಊರಿನದ್ದೇ ಆಗಿರಲಿ. ನಡೆಸೋ ಕೆಲಸ ಸಂಘಕ್ಕೆ ಕೊಡಲಿ. ಒಗೆಯೋರೂ ಮೆಂಬರು, ಒಗೆಸೋರೂ ಮೆಂಬರು. ಒಬ್ಬರಿಗೆ ಒಂದೇ ವೋಟು, ಹೋಟೆಲಿನವರಿಗೂ ಒಂದು, ಅಪ್ಪನಿಗೂ ಒಂದು. ಉಳಿದ ಲಾಭ ಹೊರಗಿನೋರ ಜೇಬಿಗೆ ಹೋಗಲ್ಲ, ಕೊಳಾಯಿ ರಿಪೇರಿಗೆ ಬರುತ್ತೆ.’

‘ಎಲ್ರೂ ಯಜಮಾನರಾದ್ರೆ ಬಾಯ್ಲರ್ ಹೊತ್ತಿಸೋರ್ಯಾರು?’

‘ನೀನೇ! ಇನ್ಯಾರಿಗೆ ಬರುತ್ತೆ ಅದು?’ ಎಂದು ನಾದಿನಿ ನಕ್ಕಳು. ‘ಮ್ಯಾನೇಜರು ಬೇಕೇ ಬೇಕು ಅಣ್ಣ. ನಾವೇ ಆರಿಸ್ತೀವಿ, ಸರಿಯಿಲ್ಲ ಅಂದ್ರೆ ನಾವೇ ಇಳಿಸ್ತೀವಿ. ಜಗಳ ಆಗಲ್ಲ ಅಂತ ಅಂದ್ಕೋಬೇಡ. ನಮ್ಮ ಬೇಕರೀಲಿ ಬೆಳಗಿನ ಪಾಳಿ ಯಾರದ್ದು ಅಂತ ಎರಡು ತಿಂಗಳು ಕಚ್ಚಾಡಿದೀವಿ. ಒಂದು ಸಲ ಬೇಡದ ಒಲೆ ತಂದು ಕೈ ಸುಟ್ಕೊಂಡ್ವಿ. ಆದ್ರೆ ತಪ್ಪು ಯಾರದ್ದು ಅಂತ ಮುಚ್ಚಿಡಲಿಲ್ಲ. ಮುಚ್ಚಿಟ್ರೆ ನಮಗೇ ನಷ್ಟ ತಾನೇ?’

ಮುಚ್ಚಿಡುವ ಮಾತು ಬಂದದ್ದೇ ಇಸ್ತ್ರಿಯಕ್ಕನ ಮುಖ ಸಣ್ಣದಾಯಿತು. ಎದ್ದು ಹೋಗಿ ಮಾವನ ಬೆನ್ನಿಗೆ ಎಣ್ಣೆ ಸವರುತ್ತ ಕೂತಳು.

‘ನಾವು ಇಸ್ತ್ರಿ ಮಾಡೋರು ಕಣೆ’ ಎಂದಳು ಕೊನೆಗೆ. ‘ಸಂಘ, ಅರ್ಜಿ, ಇದೆಲ್ಲ ನಮಗೆ ತಿಳಿಯುತ್ತಾ?’

‘ಅಂಟು ಹಬೇಲಿ ನಿಲ್ಲಲ್ಲ ಅಂತ ಯಾರಿಗೆ ತಿಳಿದಿತ್ತು ಅತ್ತಿಗೆ? ಓದಿದ ಸಾಹೇಬ್ರಿಗೋ, ನಿನಗೋ?’

ಪುರಸಭೆಯ ನಿಯಮದಲ್ಲಿ ಒಂದು ಸಾಲಿತ್ತು. ನಾದಿನಿ ಅತ್ತಿಗೆಯನ್ನು ಕರೆದೊಯ್ದು ಅದನ್ನು ಮಾರಾಟದ ನೋಟೀಸಿನ ತಳದಲ್ಲಿ, ಇರುವೆಯಂಥ ಅಕ್ಷರದಲ್ಲಿ ತೋರಿಸಿದಳು. ಸಭೆಯ ಹಿಂದಿನ ದಿನದೊಳಗೆ ಊರಿನ ನೂರು ಜನ ಸಂಘ ಕಟ್ಟುತ್ತೇವೆಂದು ಅರ್ಜಿ ಕೊಟ್ಟರೆ ಮೊದಲು ಅವರ ಮಾತು ಕೇಳಬೇಕು. ಮೂರು ತಿಂಗಳಿಂದ ಆ ನೋಟೀಸು ಒಗೆತದ ಮನೆಯ ಬಾಗಿಲಲ್ಲೇ ಇತ್ತು. ದಿನಾ ಅದರ ಮುಂದೆ ಓಡಾಡಿದವರಲ್ಲಿ ಒಬ್ಬರೂ ತಳದವರೆಗೆ ಓದಿರಲಿಲ್ಲ.

ಸೋಮವಾರ ಸಂಜೆ ಇಸ್ತ್ರಿಯಕ್ಕ ಗುರುತಿನಜ್ಜಿಯ ಮನೆ ಬಾಗಿಲು ತಟ್ಟಿದಳು. ಅಜ್ಜಿ ದಾರದ ಡಬ್ಬಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

‘ಬಂದ್ಯಾ? ನಾನೇನು ಸತ್ತುಹೋದೆ ಅಂದ್ಕೊಂಡ್ಯಾ?’ ಎಂದು ರೇಗಿ, ಮರುಗಳಿಗೆಯಲ್ಲೇ ಚಪ್ಪಲಿ ಮೆಟ್ಟಿದಳು. ಮೂರು ಸಂಜೆ ಇಬ್ಬರೂ ಬೀದಿ ಬೀದಿ ಸುತ್ತಿದರು. ಅಜ್ಜಿಗೆ ಜನರ ಹೆಸರು ಒಂದೂ ನೆನಪಿರಲಿಲ್ಲ. ‘ಇದು ಮೀನಿನ ಮನೆ. ಆ ಮೂರು ಚುಕ್ಕಿಯಮ್ಮನ್ನ ಕರಿ’ ಎನ್ನುತ್ತಿದ್ದಳು. ಜನ ಹೊರಗೆ ಬಂದು ಮೊದಲು ತಮ್ಮ ಕನಸು ಹೇಳುತ್ತಿದ್ದರು, ಆಮೇಲೆ ಸಹಿ ಹಾಕುತ್ತಿದ್ದರು. ಮೂಗು ಮುರಿದವರೂ ಇದ್ದರು. ‘ನಿಮ್ಮ ಕೈಲಾಗುತ್ತೇನ್ರೇ?’ ಎಂದರೆ ಇಸ್ತ್ರಿಯಕ್ಕ, ‘ಗೊತ್ತಿಲ್ಲ ಕಣ್ರಿ. ಆಗಲಿಲ್ಲ ಅಂದ್ರೆ ನಮ್ಮನ್ನ ನೀವೇ ಇಳಿಸಬಹುದು’ ಎನ್ನುತ್ತಿದ್ದಳು. ಮಾವನದು ನೂರ ಹದಿನೇಳನೆಯ ಸಹಿ. ಮಲಗಿದಲ್ಲೇ ಒಂದು ಪುಟ್ಟ ದೋಣಿ ಬರೆದ. ಗುರುವಾರ ಅರ್ಜಿ ಪುರಸಭೆ ಸೇರಿತು.

ಶುಕ್ರವಾರ ಪುರಸಭೆಯ ಕೋಣೆ ಕಿಕ್ಕಿರಿದಿತ್ತು. ಟೈ ಸಾಹೇಬ ಎದ್ದು ನಿಂತ. ಅವತ್ತು ಅವನ ಮುಖದಲ್ಲಿ ಏನೋ ಒಂದು ಕಳೆ, ವಾರವೆಲ್ಲ ಸೊಗಸಾಗಿ ನಿದ್ದೆ ಮಾಡಿದವನಂತೆ. ‘ಚಾದರಗಳು ಅದಲುಬದಲಾದದ್ದು ಕೆಲಸಗಾರರ ಅಜಾಗ್ರತೆಯಿಂದ’ ಎಂದ. ‘ಇಂಥವರ ಕೈಗೆ ಆಡಳಿತ ಕೊಡ್ತೀರಾ?’

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಇಸ್ತ್ರಿಯಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಇಪ್ಪತ್ತಾರು ವರ್ಷದ ಒಳ್ಳೆ ಹೆಸರು ಈ ಕೋಣೆಯಲ್ಲೇ ಮಣ್ಣುಪಾಲು. ಅವಳು ಎದ್ದು ನಿಂತಳು.

‘ಆ ಚೀಟಿಗಳನ್ನ ಅಂಟಿಸಿದ್ದು ನಾನೇ’ ಎಂದಳು. ‘ತೊಟ್ಟೀಲಿ ತೇಲ್ತಾ ಇದ್ವು. ಹೇಳಿದ್ರೆ ಕೂಲಿ ಹೋಗುತ್ತೆ ಅಂತ ಹೆದರಿ, ಸಿಕ್ಕಿದ್ದಕ್ಕೆ ಸಿಕ್ಕಿದ್ದು ಅಂಟಿಸಿದೆ. ನಿಮ್ಮೆಲ್ಲರ ನಿದ್ದೆ ಕೆಡಿಸಿದೆ. ನನ್ನ ಮಾವನ ಬೆನ್ನಿಗೆ ಹುಣ್ಣು ಮಾಡಿದೆ, ನನ್ನ ಕೈಯಾರೆ. ತಪ್ಪು ನಂದೇ, ಬೈಯಿರಿ. ಆದ್ರೆ ಇಪ್ಪತ್ತಾರು ವರ್ಷದಲ್ಲಿ ನಾನು ತಪ್ಪು ಮುಚ್ಚಿಟ್ಟಿದ್ದು ಇದೊಂದೇ ಸಲ. ಹೆದರ್ಕೊಂಡು ಕೆಲಸ ಮಾಡಿದ್ದೂ ಇದೊಂದೇ ಸಲ. ಮಂಗಳವಾರದ ಒಗೆತ ಇದ್ದಿದ್ರೆ ಆ ಚಾದರ ಬೇರೆ ಇರ್ತಿತ್ತು. ದಾರದ ಗುರುತು ಇದ್ದಿದ್ರೆ ಚೀಟಿ ಬೇಕೇ ಇರಲಿಲ್ಲ. ನಮ್ಮನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ವಿ.’

ಯಾರೂ ಬೈಯಲಿಲ್ಲ. ಹಿಂದಿನಿಂದ ದರ್ಜಿ, ‘ಟೀಚರಮ್ಮನ ಕೆಲಸ ಎಷ್ಟು ಕಷ್ಟ ಅಂತ ನನಗಂತೂ ತಿಳೀತು ಬಿಡು’ ಎಂದ. ಕೋಣೆಯೆಲ್ಲ ನಕ್ಕಿತು. ಟೈ ಸಾಹೇಬ ಮಾತ್ರ ನಗಲಿಲ್ಲ. ಮೆಲ್ಲಗೆ ಹತ್ತಿರ ಬಂದು, ಅವಳಿಗೆ ಮಾತ್ರ ಕೇಳುವಂತೆ, ‘ಈ ವಾರ ಹೋಟೆಲಿನ ನನ್ನ ರೂಮಿಗೆ ಒಂದು ಹಳೇ ಚಾದರ ಬಂದಿದೆ’ ಎಂದ. ‘ಅಂಥ ನಿದ್ದೆ ನಾನು ಚಿಕ್ಕವನಾಗಿದ್ದಾಗ ಮಾಡಿದ್ದು. ಯಾವುದೋ ನದಿ, ಮಂಜು. ಅದು ಯಾವ ಬಟ್ಟೆ? ಎಷ್ಟಕ್ಕೆ ಸಿಗುತ್ತೆ?’

ಇಸ್ತ್ರಿಯಕ್ಕನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅಯ್ಯೋ ಪಾಪ ಅನ್ನಿಸಿತು.

‘ಅದು ನಮ್ಮ ಮಾವಂದು, ಸಿಗೋದಲ್ಲ ಸ್ವಾಮಿ’ ಎಂದಳು. ‘ನಲವತ್ತು ವರ್ಷ ಒಗೆದ್ರೆ ಆಗುತ್ತೆ.’

ಪುರಸಭೆಯ ಸದಸ್ಯರಿಂದ ಕೈ ಎತ್ತಿಸಿ ಎಣಿಸಿದರು. ಮಾರಾಟಕ್ಕೆ ಐದು, ಸಂಘಕ್ಕೆ ಎಂಟು. ಒಂದು ವರ್ಷ ನಡೆಸಿ ತೋರಿಸಿ, ಆಮೇಲೆ ಮುಂದಿನ ಮಾತು ಎಂದರು ಅಧ್ಯಕ್ಷರು. ಸಂಜೆ ಹೋಟೆಲಿನಿಂದ ಒಂದು ಗಂಟು ಬಂತು. ಒಳಗೆ ಮಾವನ ಚಾದರ, ಅಚ್ಚುಕಟ್ಟಾಗಿ ಮಡಿಸಿದ್ದು. ಮಡಿಸಲು ಬಾರದವರು ಕಷ್ಟಪಟ್ಟು ಮಡಿಸಿದ ಮಡಿಕೆ ಎಂದು ಇಸ್ತ್ರಿಯಕ್ಕನಿಗೆ ನೋಡಿದೊಡನೆ ತಿಳಿಯಿತು.

ಸಂಘದ ಮೊದಲ ಮಂಗಳವಾರ ಅವಳೂ ಗಂಡನೂ ಆ ಚಾದರವನ್ನು ಎರಡು ತುದಿಯಲ್ಲಿ ಹಿಡಿದು, ಎಳೆದು, ಒಬ್ಬರ ಕಡೆಗೊಬ್ಬರು ನಡೆದು ಬಂದು ಮಡಿಸಿದರು. ಅಜ್ಜಿ ಕಿಟಕಿಯ ಪಕ್ಕ ಕೂತು, ದಾರವನ್ನು ನಾಲಿಗೆಗೆ ತಾಗಿಸಿ, ಮೂಲೆಯಲ್ಲಿ ನೀಲಿ ದೋಣಿಯನ್ನು ಮತ್ತೆ ಹೊಲಿದಳು. ಸಾಹೇಬ ರಿಪೇರಿ ಮಾಡಿಸಿದ್ದ ಕೊಳಾಯಿ ಸೋರುತ್ತಿರಲಿಲ್ಲ. ಅದಕ್ಕಾಗಿ ಅವನನ್ನು ಎಲ್ಲರೂ ನೆನೆದರು. ಕೆಲಸದ ಪಾಳಿಯ ವಿಷಯಕ್ಕೆ ಆಗಲೇ ಎರಡು ಜಗಳವೂ ಆಗಿದ್ದವು.

ಬುಧವಾರ ಬೆಳಿಗ್ಗೆ ಅವಳು ಮಾವನನ್ನು ಮೆಲ್ಲಗೆ ಹೊರಳಿಸಿದಳು. ಹುಣ್ಣು ಒಣಗುತ್ತಿತ್ತು.

‘ನದಿ ಬಂತಾ ಮಾವ?’

‘ಬಂತಮ್ಮ’ ಎಂದ ಅವನು, ಕಣ್ಣು ಮುಚ್ಚಿಕೊಂಡೇ. ‘ದೋಣೀಲಿ ಯಾರೋ ಟೈ ಕಟ್ಕೊಂಡೋನು ಮಲಗಿಬಿಟ್ಟಿದ್ದ. ಟಿಕೆಟ್ ಕೇಳಲಿಲ್ಲ ಕಣೆ. ಪಾಪ, ದಣಿದಿದ್ದ. ಎಬ್ಬಿಸದೆ ದಾಟಿಸ್ದೆ.’

ಕಥೆ ಇಷ್ಟೇ. ಈಗ ನಿಮ್ಮ ಮಾತು. ನಿಮ್ಮ ಊರಿನಲ್ಲೂ ಎಲ್ಲರಿಗೂ ಸೇರಿದ್ದು ಒಂದಿರುತ್ತದೆ. ನಲ್ಲಿಯೋ, ಬಸ್ಸೋ, ದವಾಖಾನೆಯೋ, ಒಂದು ಒಗೆತದ ಮನೆಯೋ. ಅದರ ಬಾಗಿಲಲ್ಲಿ ಒಂದು ನೋಟೀಸು ಕಂಡರೆ ದಯವಿಟ್ಟು ನಿಲ್ಲಿ, ತಳದ ಸಣ್ಣಕ್ಷರದವರೆಗೂ ಓದಿ. ಓದಲು ಬಾರದಿದ್ದರೆ ಓದಿಸಿ. ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಹೇಳಿ, ಆದರೆ ಮಾರುವುದೊಂದೇ ಮದ್ದು ಎಂದವರ ಮಾತಿಗೆ ಸುಮ್ಮನೆ ತಲೆಯಾಡಿಸಬೇಡಿ. ಅಕ್ಕಪಕ್ಕದವರನ್ನು ಕೂಡಿಸಿ, ಸಂಘ ಕಟ್ಟಬಹುದೇ ಎಂದು ವಿಚಾರಿಸಿ, ಸಭೆಗೆ ಹೋಗಿ ಕೂತುಕೊಳ್ಳಿ. ಅಲ್ಲಿ ಎದ್ದು ನಿಂತು ಒಂದೇ ಒಂದು ಪ್ರಶ್ನೆ ಹಾಕಿ: ಈ ಚಾದರ ಮಾರಲು ಹೊರಟಿದ್ದೀರಲ್ಲ, ಅದರ ಮೇಲೆ ಮಲಗಿರುವವರನ್ನು ಕೇಳಿದ್ದೀರಾ?